ಇಂಫಾಲದ ಮನೆಯೊಂದರಲ್ಲಿ ಕಂಡ ಜಪಾನಿ ಪಿಸ್ತೂಲು

ಇಂಫಾಲದಿಂದ ದಕ್ಷಿಣಕ್ಕೆ ಟಿಡ್ಡಿಮ್ ರಸ್ತೆ ಹಿಡಿದು ಹೋದರೆ ರೆಡ್ ಹಿಲ್ ಅನ್ನೋ ಸಣ್ಣ ಗುಡ್ಡ ಸಿಗುತ್ತದೆ. ಎರಡನೇ ಮಹಾಯುದ್ಧದಲ್ಲಿ, 1944ರ ಮೇ ತಿಂಗಳಲ್ಲಿ, ಜಪಾನಿ ಸೇನೆಯ 33ನೇ ಡಿವಿಷನ್ ಇಲ್ಲಿವರೆಗೂ ಬಂದುಬಿಟ್ಟಿತ್ತು. ಈಗ ಬುಡದಲ್ಲಿ ಸ್ಮಾರಕವಿದೆ, 2019ರಲ್ಲಿ ತೆರೆದ ಶಾಂತಿ ಮ್ಯೂಸಿಯಂ ಇದೆ. ಎರಡನ್ನೂ ನೋಡಿದೆವು. ಆದರೆ ನನ್ನ ಮನಸ್ಸು ನಿಂತಿದ್ದು ಆಮೇಲೆ ಹೋದ ಒಂದು ಮನೆಯಲ್ಲಿ.

ಇಲ್ಲಿನವರು ಆ ಯುದ್ಧಕ್ಕೆ 'ಜಪಾನ್ ಲಾನ್', ಅಂದರೆ ಜಪಾನ್ ಯುದ್ಧ, ಅಂತಾರೆ. ಗದ್ದೆ ಉಳುವಾಗ, ಪಾಯ ತೋಡುವಾಗ ಈಗಲೂ ಹೆಲ್ಮೆಟ್ಟು, ನೀರಿನ ಬಾಟಲಿ, ತೋಟಾ ಸಿಗುತ್ತವಂತೆ. ಆ ಮನೆಯ ಹಿರಿಯರು ಅಂಥವನ್ನೆಲ್ಲ ಕೂಡಿಟ್ಟಿದ್ದಾರೆ. ಕೊನೆಗೆ ಒಂದು ಬಟ್ಟೆಯ ಗಂಟು ಬಿಚ್ಚಿದರು. ಒಳಗಿದ್ದದ್ದು ಟೈಪ್ 94 ಪಿಸ್ತೂಲು!

94 ಅಂದರೆ ಜಪಾನಿನ ಸಾಮ್ರಾಜ್ಯ ಲೆಕ್ಕದ 2594ನೇ ವರ್ಷ, ನಮ್ಮ 1934. ವಿನ್ಯಾಸ ಜಪಾನಿನ ನಂಬು ಕಿಜಿರೊ ಎಂಬುವರದು. ಅಲ್ಲಿ ಸೇನಾಧಿಕಾರಿಗಳು ಪಿಸ್ತೂಲನ್ನು ಸ್ವಂತ ದುಡ್ಡಲ್ಲೇ ಕೊಳ್ಳಬೇಕಿತ್ತು, ಹಾಗಾಗಿ ಇದನ್ನು ಚಿಕ್ಕದಾಗಿ, ಹಗುರವಾಗಿ ಮಾಡಿದರು. ಟ್ಯಾಂಕಿನವರಿಗೆ, ಪೈಲಟ್‌ಗಳಿಗೆ ಕೂಡ ಇದು ಅನುಕೂಲ. 8 ಮಿ.ಮೀ. ಗುಂಡು, ಗುಂಡು ತುಂಬುವ ಮ್ಯಾಗಜೀನಿಗೆ ಆರು. 1945ರವರೆಗೆ ಮಾಡಿದ್ದು ಸುಮಾರು 71,000 ಮಾತ್ರ.

ಇದರ ಎಡಮೈಯಲ್ಲಿ ಒಂದು ಉದ್ದನೆಯ ಪಟ್ಟಿ ಹೊರಗೇ ಕಾಣುತ್ತದೆ. ಟ್ರಿಗರ್ ಎಳೆದಾಗ ಗುಂಡು ಬಿಡಿಸೋದು ಅದೇ. ಗುಂಡು ತುಂಬಿ, ಸೇಫ್ಟಿ (ಗುಂಡು ಹಾರದಂತೆ ತಡೆಯೋ ಕೀಲಿ) ತೆಗೆದಿದ್ದಾಗ ಆ ಪಟ್ಟಿಯನ್ನು ಸುಮ್ನೆ ಒತ್ತಿದರೂ ಸಾಕು, ಟ್ರಿಗರ್ ಮುಟ್ಟದೆಯೇ ಹಾರುತ್ತದೆ. ಶರಣಾಗೋ ನೆಪದಲ್ಲಿ ಪಿಸ್ತೂಲು ಕೊಡುತ್ತಾ ಗುಂಡು ಹೊಡೆಯಲಿಕ್ಕೆಂದೇ ಹೀಗೆ ಮಾಡಿದ್ದು ಅನ್ನೋ ಕಥೆ ಇದೆ, ಅದನ್ನು ನಾನಂತೂ ನಂಬಲ್ಲ. ಇದು ಬರೀ ವಿನ್ಯಾಸದ ತಪ್ಪು. ಅದರ ಅಪಾಯ ಇದ್ದದ್ದು ಸೊಂಟಕ್ಕೆ ಕಟ್ಟಿಕೊಂಡವನಿಗೇ ಜಾಸ್ತಿ, ಅಲ್ವಾ?

ಮೊಬೈಲ್ ಬೆಳಕು ಹಿಡಿದು ಬಲಮೈ ನೋಡಿದೆ. ತುಕ್ಕಿನ ನಡುವೆ 18.6 ಅಂತ ಅಂಕಿ. ಚಕ್ರವರ್ತಿ ಹಿರೋಹಿತೋ ಆಳ್ವಿಕೆಯ ಶೋವಾ ಲೆಕ್ಕದಲ್ಲಿ 18ನೇ ವರ್ಷ, ಆರನೇ ತಿಂಗಳು, ಅಂದರೆ 1943ರ ಜೂನ್. ಕಾರ್ಖಾನೆಯಿಂದ ಹೊರಬಿದ್ದು ಒಂದು ವರ್ಷವೂ ತುಂಬುವ ಮೊದಲೇ ಸಮುದ್ರ ದಾಟಿ, ಬರ್ಮಾದ ಕಾಡು ಹಾದು, ಈ ಮಣಿಪುರದ ಕೆಸರಿಗೆ ಬಂದು ಬಿದ್ದಿದೆ. ಕೊಂಡವನು ಯಾರೋ, ಊರಲ್ಲಿ ಯಾರನ್ನು ಬಿಟ್ಟು ಬಂದಿದ್ದನೋ ಅಂತ ಹೊಟ್ಟೆಯಲ್ಲಿ ಸಂಕಟವಾಯಿತು.

ಹಿರಿಯರು ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತುವ ಮುಂಚೆ ಸೇಫ್ಟಿ ತೋರಿಸಿದರು. ಅದು 'ಬೆಂಕಿ' ಅನ್ನೋ ಜಪಾನಿ ಅಕ್ಷರದ ಕಡೆಗೇ, ಅಂದರೆ ಗುಂಡು ಹಾರಿಸೋ ಸ್ಥಿತಿಗೇ, ತಿರುಗಿ ತುಕ್ಕು ಹಿಡಿದು ಕೂತಿತ್ತು. ಮ್ಯಾಗಜೀನ್ ಇರಲಿಲ್ಲ.