ಇಷ್ಟು ದೊಡ್ಡದಾಯ್ತಲ್ಲ, ವಾಪಸ್ ಕೊಡಲಿಲ್ಲ ಯಾಕೆ?

ನಮ್ಮ ಜೆರಾಕ್ಸ್ ಅಂಗಡಿಗೆ ಬಂದವರು ಆಧಾರ್ ಕಾರ್ಡ್ ನನ್ನ ಕೈಗೆ ಕೊಟ್ಟು ಕಾಯುವ ಹೊತ್ತಿನಲ್ಲಿ ಕೌಂಟರಿನ ಕೆಳಗೆ ಮಲಗಿರುವ ನಮ್ಮ ನಾಯಿ ಮಲ್ಲಿಯನ್ನು ನೋಡುತ್ತಾರೆ. ಅಚ್ಚ ಬಿಳಿ ಕೂದಲು, ಮೊನಚು ಮೂತಿ, ಬೆನ್ನ ಮೇಲೆ ಮಡಚಿಕೊಂಡ ಬಾಲ, ತೂಕ 14 ಕೆಜಿ. "ಯಾವ ಜಾತಿ ರೀ?" ಅಂತಾರೆ. ಟಾಯ್ ಪಾಮ್, ಅಂದರೆ ಪುಟ್ಟ ಪಾಮೇರಿಯನ್ ಅಂತ ಹೇಳಿ ಮಾರಿದ್ದರು, ಮೂರು ಕೆಜಿ ದಾಟೋದಿಲ್ಲ ಅಂದಿದ್ದರು ಎಂದು ನಾನು ಹೇಳಿದ್ದೇ ತಡ, ಮುಂದಿನದು ನನಗೆ ಬಾಯಿಪಾಠ. "ಅಯ್ಯ, ಮೋಸ ಹೋದ್ರಲ್ರೀ! ಇಷ್ಟು ದೊಡ್ಡದಾಯ್ತಲ್ಲ, ವಾಪಸ್ ಕೊಡಲಿಲ್ಲ ಯಾಕ?"

ಕಾಲೇಜು ಹುಡುಗರು ಕೇಳ್ತಾರೆ, ಪಹಣಿ ಜೆರಾಕ್ಸಿಗೆ ಬಂದ ರೈತರು ಕೇಳ್ತಾರೆ, ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ ಪಕ್ಕದವರು ಕೇಳ್ತಾರೆ. ಇಷ್ಟು ದಿನ ನಗುನಗುತ್ತ ಉತ್ತರ ಕೊಟ್ಟೆ. ಇನ್ನು ಸಾಕು. ಇಲ್ಲಿ ಬರೆದಿಡುತ್ತೇನೆ, ಕೇಳಿದವರ ಮೊಬೈಲಿಗೆ ಇದನ್ನೇ ಕಳಿಸುತ್ತೇನೆ.

ಕೊಡಲಿಲ್ಲ. ಕೊಡುವುದೂ ಇಲ್ಲ. ಮೂರು ಕೆಜಿ ಅಂತ ಮಾತು ಕೊಟ್ಟವನು ಮಾರಿದವನು. ಮಲ್ಲಿ ಯಾರಿಗೂ ಯಾವ ಮಾತೂ ಕೊಟ್ಟಿರಲಿಲ್ಲ. ಅವನು ಹೇಳಿದ ಸುಳ್ಳಿಗೆ ಅವಳು ಮನೆ ಬಿಡಬೇಕೇ? ಈ ಪ್ರಶ್ನೆಯನ್ನು ಅವಳ ಎದುರಿಗೇ, ಅವಳ ತಲೆ ಸವರುತ್ತಲೇ ಕೇಳುತ್ತಾರಲ್ಲ, ಅದು ನನಗೆ ಸಹಿಸಲಾಗುವುದಿಲ್ಲ.

ಮರಿಯನ್ನು ತಂದವನು ನನ್ನ ಮೈದುನ. ಬೆಂಗಳೂರಿನಲ್ಲಿ ಕೆಲಸ ಅವನಿಗೆ. ನನ್ನ ಮಗಳು ಹತ್ತನೇ ಕ್ಲಾಸ್ ಪಾಸಾದಾಗ ರಾತ್ರಿ ಬಸ್ಸಿನಲ್ಲಿ ರಟ್ಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಂದ. "ಅತ್ತಿಗಿ, ಇದು ಹ್ಯಾಂಡ್‌ಬ್ಯಾಗಿನಾಗ ಹಿಡಿಸ್ತೈತಿ, ಮುಂದಕ್ಕೂ ಹಿಂಗೇ ಇರ್ತೈತಿ" ಅಂದ. ಮಾರಿದವನು ಅವನಿಗೆ ಒಂದು ಪುಟ್ಟ ಗಂಡು ನಾಯಿಯನ್ನು ತೋರಿಸಿ, ಇದೇ ಅಪ್ಪ ಅಂದಿದ್ದನಂತೆ. ಮೈದುನನ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಚಿಕ್ಕ ವಯಸ್ಸಿನಲ್ಲಿ, ಪಾಮೇರಿಯನ್‌ನಂತೆಯೇ ಕಂಡರೂ ದೊಡ್ಡದಾಗಿ ಬೆಳೆಯಬಲ್ಲ ಸ್ಪಿಟ್ಜ್ ಮರಿ, ಪಾಮೇರಿಯನ್ ಮರಿ ಎರಡೂ ಬಿಳಿ ತುಪ್ಪಳದ ಉಂಡೆಗಳೇ. ಯಾರ ಕಣ್ಣಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮರುದಿನ ಪಶು ಆಸ್ಪತ್ರೆಗೆ ಒಯ್ದೆವು. ಡಾಕ್ಟರು ತುಟಿ ಎತ್ತಿ ಹಾಲುಹಲ್ಲು ನೋಡಿ, ಇದಕ್ಕೆ ಇನ್ನೂ ಎಂಟು ವಾರ ತುಂಬಿಲ್ಲ, ಇಷ್ಟು ಬೇಗ ತಾಯಿಯಿಂದ ಬಿಡಿಸಬಾರದಿತ್ತು ಅಂದರು. ಅವರ ಮಾತು ಕೇಳಿದ ಮೇಲೆ ನಾನು ಹುಡುಕಿ ಓದಿದೆ. ನಾಯಿ ಸಾಕಿ ಮಾರುವವರಿಗೆಂದೇ 2017ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಎಂಟು ವಾರದ ಒಳಗಿನ ಮರಿಯನ್ನು ಮಾರುವಂತಿಲ್ಲ, ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇಲ್ಲದೆ ಈ ವ್ಯವಹಾರವನ್ನೇ ಮಾಡುವಂತಿಲ್ಲ. ನಮ್ಮ ಮರಿಯ ಜೊತೆ ಬಂದದ್ದು ಒಂದು ವಿಸಿಟಿಂಗ್ ಕಾರ್ಡ್ ಮಾತ್ರ.

ಮಲ್ಲಿ ಬೆಳೆದಳು. ಬೆಳೆಯುವ ಮರಿಯ ಕೆಲಸವೇ ಅದು. ಕತ್ತಿನ ಬೆಲ್ಟು ಬದಲಾಯಿಸುತ್ತ ಹೋದೆವು. ಮೈದುನ ಗಾಬರಿಯಾಗಿ ಆ ಮನುಷ್ಯನಿಗೆ ಫೋನ್ ಮಾಡಿದ್ದಕ್ಕೆ, "ಊಟ ಜಾಸ್ತಿ ಹಾಕ್ತಿದೀರ, ಕಮ್ಮಿ ಮಾಡಿ. ಹಾಲಿಗೆ ಎರಡು ಬಿಸ್ಕೆಟ್ ಸಾಕು. ಸೈಜು ನಿಂತುಬಿಡುತ್ತೆ" ಅಂದನಂತೆ. ನಮ್ಮಲ್ಲೂ ಈ ಸಲಹೆ ಕೊಟ್ಟವರಿದ್ದಾರೆ, ಅದೂ ಸ್ವಂತ ಮೊಮ್ಮಕ್ಕಳಿಗೆ ತುತ್ತಿನ ಮೇಲೆ ತುತ್ತು ಇಟ್ಟು ತಿನ್ನಿಸುವವರು. ಬೆಳೆಯುವ ಮರಿಯ ಹೊಟ್ಟೆ ಕಟ್ಟಿದರೆ ಅದು ಟಾಯ್ ಪಾಮ್ ಆಗುವುದಿಲ್ಲ. ಮೂಳೆ ಸೊಟ್ಟಗಾಗಬಹುದು. ರಕ್ತದಲ್ಲಿ ಸಕ್ಕರೆ ಇಳಿದು ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಊಟ ಕಮ್ಮಿ ಮಾಡಿ ಅಂತ ಬೇರೆಯವರಿಗೆ ಹೇಳುವ ಮೊದಲು ದಯವಿಟ್ಟು ಒಂದು ಕ್ಷಣ ಯೋಚನೆ ಮಾಡಿ. ನಾವು ಡಾಕ್ಟರು ಬರೆದುಕೊಟ್ಟಷ್ಟು ಹಾಕಿದೆವು, ಮೊಟ್ಟೆ ಅನ್ನ ಸೇರಿಸಿ.

ಹಾಗಾದರೆ ಇವಳು ಯಾಕೆ ಇಷ್ಟು ಬೆಳೆದಳು? ಮಗಳು ಒಂದು ದಿನ ಅಂಗಡಿಯ ಸ್ಕೇಲು ತಗೊಂಡು ಮಲ್ಲಿಯ ಮುಂಗಾಲಿಗೆ ಹಿಡಿದಳು. ಮೂವತ್ತು ಸೆಂಟಿಮೀಟರ್ ಮುಗಿದರೂ ಭುಜ ಇನ್ನೂ ಮೇಲಿತ್ತು. ಪಾಮೇರಿಯನ್ ಎತ್ತರ 18ರಿಂದ 24 ಸೆಂಟಿಮೀಟರ್ ಇರಬೇಕು ಅಂತ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಅದೇ ಮಾನದಂಡದಲ್ಲಿ ಪಾಮೇರಿಯನ್ ಬೇರೆ ಜಾತಿಯೇ ಅಲ್ಲ. ಜರ್ಮನ್ ಸ್ಪಿಟ್ಜ್ ಎಂಬ ದೊಡ್ಡ ಕುಟುಂಬದಲ್ಲಿ ಎಲ್ಲಕ್ಕಿಂತ ಚಿಕ್ಕದಕ್ಕೆ ಆ ಹೆಸರು, ಅಷ್ಟೆ. ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬಂದ ಸ್ಪಿಟ್ಜ್‌ಗಳಿಂದ ನಮ್ಮ ಇಂಡಿಯನ್ ಸ್ಪಿಟ್ಜ್ ಆಯಿತು, ಅದರಲ್ಲಿ ಚಿಕ್ಕದೂ ಇದೆ ದೊಡ್ಡದೂ ಇದೆ. ನಾವು ಮೊದಲಿನಿಂದಲೂ ಎಲ್ಲವನ್ನೂ ಪಾಮೇರಿಯನ್ ಅಂತಲೇ ಕರೆದುಕೊಂಡು ಬಂದಿದ್ದೇವೆ. ನಮ್ಮ ಓಣಿಗಳಲ್ಲಿ ಕಾಂಪೌಂಡ್ ಮೇಲೆ ಕಾಲಿಟ್ಟು ಬೊಗಳುತ್ತಿದ್ದ ಬಿಳಿ ನಾಯಿಗಳು ನೆನಪಿವೆಯಲ್ಲ, ಅವುಗಳಲ್ಲಿ ಬಹುಪಾಲು ಇವೇ.

ಈ ಚಿಕ್ಕದರ ಹುಚ್ಚಿಗೂ ಒಂದು ಚರಿತ್ರೆ ಇದೆ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸ್‌ಗೆ ಹೋದಾಗ ಪಾಮೇರಿಯನ್ ನಾಯಿಗಳನ್ನು ಮೆಚ್ಚಿ ತಂದಳು. ಅದರಲ್ಲಿ ಮಾರ್ಕೊ ಎಂಬುದು ಸುಮಾರು ಐದೂವರೆ ಕೆಜಿ. ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ಪಾಮೇರಿಯನ್ ಎಂದರೆ ಅದಕ್ಕಿಂತ ಎಷ್ಟೋ ದೊಡ್ಡ ನಾಯಿ. ರಾಣಿಗೆ ಚಿಕ್ಕದು ಇಷ್ಟ ಅಂತ ಎಲ್ಲರೂ ಚಿಕ್ಕದನ್ನೇ ಬೆಳೆಸುತ್ತ ಹೋದರು. ಇವತ್ತು ಮೂರು ಕೆಜಿಗೆ ಬಂದು ನಿಂತಿದೆ, ಅದೂ ಸಾಲದು ಅಂತ ಇನ್ನೂ ಪುಟ್ಟದನ್ನು, ಟೀ ಕಪ್ಪಿನಲ್ಲಿ ಹಿಡಿಸುವಷ್ಟು ಅನ್ನುವ ಅರ್ಥದಲ್ಲಿ, ಟೀಕಪ್ ಅಂತ ಮಾರುತ್ತಾರೆ. ನಾಯಿ ಜಾತಿಗಳನ್ನು ದಾಖಲಿಸುವ ಯಾವ ಕೆನಲ್ ಕ್ಲಬ್ಬಿನ ಪುಸ್ತಕದಲ್ಲೂ ಟೀಕಪ್ ಎಂಬ ಜಾತಿ ಇಲ್ಲ. ತೀರಾ ಚಿಕ್ಕದಾಗಿಸಿದ ನಾಯಿಗಳಲ್ಲಿ ಮಂಡಿಚಿಪ್ಪು ಜಾರುತ್ತದೆ, ಉಸಿರುನಾಳ ಕುಸಿಯುತ್ತದೆ, ಕೆಲವಕ್ಕೆ ನೆತ್ತಿಯ ಮೂಳೆಯೇ ಕೂಡುವುದಿಲ್ಲ. ಸೋಫಾದಿಂದ ಹಾರಿದರೂ ಕಾಲು ಮುರಿಯಬಹುದು. ನನ್ನ ಮಲ್ಲಿ ಅಂಗಡಿಯ ಐದು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಇಳಿಯುತ್ತಾಳೆ. ಇದರಲ್ಲಿ ಕಳಕೊಂಡದ್ದು ಏನು, ನೀವೇ ಹೇಳಿ.

ಅಪ್ಪ ಪುಟ್ಟದಿದ್ದರೆ ಮರಿ ಪುಟ್ಟದಾಗಿಯೇ ಉಳಿಯುತ್ತದೆ ಅಂತ ಗ್ಯಾರಂಟಿಯೂ ಇಲ್ಲ. ನಾಯಿಯ ಗಾತ್ರ ತೀರ್ಮಾನವಾಗುವುದು ಹಲವು ಜೀನ್‌ಗಳು ಸೇರಿ. ಅವುಗಳಲ್ಲಿ ಮುಖ್ಯವಾದ ಐಜಿಎಫ್-1 ಎಂಬುದನ್ನು ವಿಜ್ಞಾನಿಗಳು 2007ರಲ್ಲಿ ಗುರುತಿಸಿದರು. ಮರಿಗೆ ಅರ್ಧ ಅಪ್ಪನಿಂದ ಬಂದರೆ ಅರ್ಧ ತಾಯಿಯಿಂದ. ಒಂದೇ ಸೂಲಿನ ಮರಿಗಳು ಬೇರೆಬೇರೆ ಗಾತ್ರಕ್ಕೆ ಬೆಳೆಯಬಹುದು. ತಾಯಿಯನ್ನು ಮೈದುನನಿಗೆ ತೋರಿಸಿರಲೇ ಇಲ್ಲ. "ಮರಿ ಹಾಕಿದ ನಾಯಿ, ಹೊಸಬರನ್ನ ಕಂಡ್ರೆ ಕಚ್ಚುತ್ತೆ" ಅಂತ ಹೇಳಿ ಬಾಗಿಲಲ್ಲೇ ನಿಲ್ಲಿಸಿದ್ದನಂತೆ.

ಈಗ ಆ ಫೋನಿನ ವಿಷಯ ಹೇಳುತ್ತೇನೆ. ವಾಪಸ್ ಕೊಡಲಿಲ್ಲ ಯಾಕೆ ಎಂದು ಕೇಳುವವರಿಗೆ ನನ್ನ ನಿಜವಾದ ಉತ್ತರ ಅದೇ.

ಮಲ್ಲಿ ಎಂಟು ಕೆಜಿ ದಾಟಿದ ಮೇಲೆ ಒಂದು ಮಧ್ಯಾಹ್ನ ನಾನೇ ಅವನಿಗೆ ಫೋನ್ ಮಾಡಿದೆ. ದುಡ್ಡಿಗಾಗಿ ಅಲ್ಲ. ಲಸಿಕೆ ಏನಾದರೂ ಹಾಕಿಸಿದ್ದನೋ ಇಲ್ಲವೋ ಅಂತ ಡಾಕ್ಟರು ಕೇಳಿದ್ದರು. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ, ಸ್ಪೀಕರ್ ಹಾಕಿ ಕೌಂಟರಿನ ಮೇಲಿಟ್ಟೆ. ಹೆಸರು ಹೇಳುತ್ತಲೇ ಆ ಮನುಷ್ಯ ಬಹಳ ಮರ್ಯಾದೆಯಿಂದ ಮಾತಾಡಿದ.

"ದೊಡ್ಡದಾಗಿದೆ ಅಂತ ಬೇಜಾರು ಮಾಡ್ಕೋಬೇಡಿ ಮೇಡಂ. ತಂದು ಬಿಡಿ, ಬೇರೆ ಮರಿ ಕೊಡ್ತೀನಿ."

"ಇದನ್ನ ಏನು ಮಾಡ್ತೀರಿ?"

"ಹೆಣ್ಣು ತಾನೇ ಮೇಡಂ? ಒಳ್ಳೇ ಸೈಜ್ ಬಂದಿದೆ ಅಂತೀರ. ಬ್ರೀಡಿಂಗ್‌ಗೆ ಇಟ್ಕೋತೀನಿ. ಅದರ ಅಮ್ಮನೂ ಹಿಂಗೇ ದಪ್ಪ. ಒಂದೊಂದ್ಸಲಕ್ಕೆ ಐದಾರು ಮರಿ ಸಲೀಸಾಗಿ ಹಾಕತ್ತೆ. ಚಿಕ್ಕವು ಹಾಕೋದು ಒಂದೋ ಎರಡೋ, ಅದಕ್ಕೂ ಆಪರೇಷನ್ನು."

ಇಷ್ಟನ್ನೂ ಅವನು ನನಗೆ ಸಮಾಧಾನ ಹೇಳುವ ಧ್ವನಿಯಲ್ಲಿ ಹೇಳಿದ. ಮಲ್ಲಿ ನನ್ನ ಕುರ್ಚಿಯ ಕೆಳಗೆ ಚಪ್ಪಲಿಯ ಬಾರು ಕಚ್ಚಿ ಎಳೆಯುತ್ತಿದ್ದಳು. ನನಗೆ ಕೈಕಾಲು ತಣ್ಣಗಾದವು. ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು. ಒಳಗೆಲ್ಲೋ ಕತ್ತಲಲ್ಲಿ ಮಲ್ಲಿಯಷ್ಟೇ ದೊಡ್ಡ ಬಿಳಿ ನಾಯಿಯೊಂದಿದೆ. ಅದು ಮರಿ ಹಾಕುತ್ತಲೇ ಇದೆ. ಹೊರಗೆ ಬಂದವರಿಗೆ ತೋರಿಸುವುದಕ್ಕೆ ಒಂದು ಪುಟ್ಟ ಗಂಡು ನಾಯಿ ಇದೆ. ನಾನು ಮಲ್ಲಿಯನ್ನು ವಾಪಸ್ ಕೊಟ್ಟರೆ ಅವಳು ಹೋಗುವುದು ಆ ಕತ್ತಲ ಕೋಣೆಗೆ, ಅವಳ ತಾಯಿಯ ಜಾಗಕ್ಕೆ. ನಾನು ಫೋನ್ ಇಟ್ಟೆ.

ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: ಅದರ ತಾಯಿ ಎಲ್ಲಿದೆ? ಇಷ್ಟು ಜನ ಅಂಗಡಿಗೆ ಬಂದು ಹೋದರು, ಒಬ್ಬರೂ ಅದನ್ನು ಕೇಳಲಿಲ್ಲ. ಎಷ್ಟು ಕೊಟ್ಟಿರಿ ಅಂದರು, ಎಷ್ಟು ತಿನ್ನುತ್ತದೆ ಅಂದರು, ಮರಿ ಹಾಕಿಸಿದರೆ ಒಳ್ಳೆಯ ದುಡ್ಡು ಬರುತ್ತಲ್ಲ ಅಂದರು. ಅದೇ 2017ರ ನಿಯಮದ ಪ್ರಕಾರ ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಗೆ ಗಂಡು ಕೂಡಿಸುವಂತಿಲ್ಲ. ಕಾಗದದ ಮೇಲೆ ಅಷ್ಟಾದರೂ ಇದೆ. ಒಳಗಿನ ಕೋಣೆಗೆ ಹೋಗಿ ನೋಡುವವರು ಯಾರು? ಕೊಳ್ಳುವವರೇ ನೋಡಬೇಕು. ತಾಯಿಯನ್ನು ನೋಡಿದರೆ ಮರಿ ಎಷ್ಟು ಬೆಳೆಯಬಹುದೆಂಬ ಅಂದಾಜೂ ಸಿಗುತ್ತದೆ. ನಿಮ್ಮ ಮೊದಲ ಪ್ರಶ್ನೆಗೂ ಅಲ್ಲೇ ಉತ್ತರ ಇದೆ.

ಮಲ್ಲಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದ್ದೇವೆ. ಅದಕ್ಕೂ ಕೆಲವರು ಅಯ್ಯೋ ಪಾಪ ಅಂದರು. ಪಾಪ ಅನ್ನಬೇಕಾದದ್ದು ಬೆಂಗಳೂರಿನಲ್ಲಿರುವ ಅವಳ ತಾಯಿಗೆ. ಅದರ ಬಗ್ಗೆ ಸಂಬಂಧಪಟ್ಟವರಿಗೆ ಬರೆದು ಕಳಿಸಿದ್ದೇನೆ, ಬಿಡುವವಳಲ್ಲ.

ದೊಡ್ಡ ನಾಯಿ ಅಂದಮೇಲೆ ಖರ್ಚು ಹೆಚ್ಚು, ನಿಜ. ಸ್ನಾನ ಮಾಡಿಸುವುದಕ್ಕೆ ಇಬ್ಬರು ಬೇಕು. ಆಟೋದವರು ಹತ್ತಿಸಿಕೊಳ್ಳುವುದಿಲ್ಲ. ಇವು ಯಾವುವೂ ದೊಡ್ಡ ಕಷ್ಟವಲ್ಲ. ಕಷ್ಟ ಇರುವುದು ನಮ್ಮ ಬಳ್ಳಾರಿಯ ಬಿಸಿಲಿನಲ್ಲಿ, ಅದು ಮೂರು ಕೆಜಿಯ ಪಾಮೇರಿಯನ್‌ಗೂ ಅಷ್ಟೇ. ಚಳಿದೇಶದ ಮೂಲದ ನಾಯಿ, ಎರಡು ಪದರ ಕೂದಲು. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಊರಿದು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಪಾಪ ಸೆಕೆ ಅಂತ ಬೋಳಿಸಲು ಹೋಗಬೇಡಿ. ಆ ಕೂದಲೇ ಬಿಸಿಲು ಚರ್ಮಕ್ಕೆ ತಾಗದಂತೆ ತಡೆಯುತ್ತದೆ, ಒಮ್ಮೆ ಬೋಳಿಸಿದರೆ ಕೆಲವಕ್ಕೆ ಮತ್ತೆ ಸರಿಯಾಗಿ ಬರುವುದೂ ಇಲ್ಲ. ಬ್ರಷ್ ಹಾಕಿ ಒಳಪದರದ ಉದುರು ಕೂದಲು ತೆಗೆಯುತ್ತಿದ್ದರೆ ಸಾಕು. ನಾವು ಬೆಳಕು ಹರಿಯುವ ಮೊದಲೇ ಕೋಟೆ ಕಡೆ ತಿರುಗಾಡಿ ಬರುತ್ತೇವೆ, ಸಂಜೆ ಡಾಂಬರು ರಸ್ತೆಗೆ ಅಂಗೈ ಇಟ್ಟು ನೋಡಿದ ಮೇಲೆಯೇ ಅವಳನ್ನು ಇಳಿಸುತ್ತೇವೆ. ನಡುಮಧ್ಯಾಹ್ನ ಅಂಗಡಿಯ ಕಡಪ ಕಲ್ಲಿನ ಮೇಲೆ ಹೊಟ್ಟೆ ಊರಿ ಮಲಗುತ್ತಾಳೆ, ಪಕ್ಕದಲ್ಲಿ ಮಣ್ಣಿನ ಮಡಿಕೆಯ ನೀರು. ಇದನ್ನೂ ಯಾರಾದರೂ ಕೇಳಿದರೆ ಎಷ್ಟು ಹೊತ್ತು ಬೇಕಾದರೂ ಹೇಳುತ್ತೇನೆ.

ಮೊನ್ನೆ ಎದುರು ಸಾಲಿನ ಬಟ್ಟೆ ಅಂಗಡಿಯ ಅಣ್ಣ ಬಂದಿದ್ದರು. ಮಗನಿಗೆ ನಾಯಿಮರಿ ಬೇಕಂತೆ, "ಚಿಕ್ಕದೇ ಇರಬೇಕು ನೋಡಕ್ಕ, ನಿಮ್ಮದರಂಗ ಆಗಬಾರದು" ಅಂದರು. ಚಿಕ್ಕದೇ ಬೇಕಾದರೆ ಬೆಳೆದು ನಿಂತ ನಾಯಿಯನ್ನೇ ತಗೊಳ್ರಿ, ಬಿಟ್ಟುಹೋದವು ಎಷ್ಟೋ ಇವೆ, ಗಾತ್ರ ಕಣ್ಣಿಗೆ ಕಾಣ್ತೈತಲ್ಲ ಅಂದೆ. ಇಲ್ಲ, ಮರಿಯೇ ಬೇಕು ಅಂದರು. ಹಾಗಾದರೆ ನೋಂದಣಿ ನಂಬರ್ ಕೇಳ್ರಿ, ಎಂಟು ವಾರ ಆಗೋವರೆಗೂ ಕಾಯ್ರಿ, ತಾಯಿ ಇರೋ ಜಾಗಕ್ಕೇ ಹೋಗಿ ನೋಡ್ರಿ, ಅದು ಎಲ್ಲಿ ಮಲಗ್ತೈತಿ, ಏನು ತಿಂತೈತಿ ಎಲ್ಲ ನೋಡ್ರಿ ಅಂತ ಹೇಳಿದೆ. "ನೀವೂ ಜೊತಿಗೆ ಬರ್ತೀರೇನಕ್ಕ?" ಅಂದರು. ಬರ್ತೀನಿ ಅಂದಿದ್ದೇನೆ. ತಾಯಿಯನ್ನು ತೋರಿಸುವುದಿಲ್ಲ ಅಂದರೆ ಅಲ್ಲಿಂದ ಬರಿಗೈಲಿ ಎದ್ದು ಬರುವುದಕ್ಕೆ ಅವರು ಒಪ್ಪಿದ ಮೇಲೆಯೇ.