ಹಳದಿ ಬಳಿಯುವ ಮೊದಲು ವೋಟು ಕೇಳಿದ ಸಾಲು ಹುಡುಕಿ

ಮುಂಬೈ ಫೋರ್ಟ್‌ನ ಒಂದು ವಕೀಲರ ಆಫೀಸಿನಲ್ಲಿ ಚುನಾವಣಾ ಭಾಷಣದ ವಿಡಿಯೋ ಕೇಳಿ ಟೈಪ್ ಮಾಡುವುದು ನನ್ನ ಕೆಲಸ. ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ತಕರಾರು ಅರ್ಜಿ ಬೀಳಬೇಕು. ಆಗ ಊಟಕ್ಕೂ ಪುರುಸೊತ್ತಿಲ್ಲ.

ಹೊಸಬರು ದೇವರ ಹೆಸರು, ಧರ್ಮದ ಮಾತು ಕಂಡಲ್ಲೆಲ್ಲ ಹಳದಿ ಬಳಿಯುತ್ತಾರೆ. ಪುಟವೆಲ್ಲ ಹಳದಿ, ಸೀನಿಯರ್‌ಗೆ ಬೇಕಾದ ಸಾಲು ಮಾತ್ರ ಇಲ್ಲ! ಪ್ರಜಾಪ್ರತಿನಿಧಿ ಕಾಯ್ದೆಯ 123(3) ನೋಡುವುದು ಮುಖ್ಯವಾಗಿ ಧರ್ಮ, ಜಾತಿ, ಭಾಷೆಯ ಹೆಸರಲ್ಲಿ ವೋಟು ಕೇಳಿದ್ರಾ ಅಂತ. ಧಾರ್ಮಿಕ ಚಿಹ್ನೆ, ರಾಷ್ಟ್ರಧ್ವಜ, ರಾಷ್ಟ್ರಲಾಂಛನ ಬಳಸಿ ಗೆಲುವಿಗೆ ದಾರಿ ಮಾಡಿಕೊಳ್ಳುವುದೂ ಅದೇ ಕಲಮಿನಲ್ಲಿದೆ.

1995ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಎರಡು ಮುಂಬೈ ಕೇಸುಗಳ ತೀರ್ಪು ಕೊಟ್ಟಿತು. 1987ರ ವಿಲೆ ಪಾರ್ಲೆ ಉಪಚುನಾವಣೆಯಲ್ಲಿ ಗೆದ್ದಿದ್ದ ರಮೇಶ್ ಪ್ರಭು ಸೀಟು ಹೋಯಿತು, ಅದೂ ಮುಖ್ಯವಾಗಿ ಶಿವಸೇನೆಯ ಬಾಳಾ ಠಾಕ್ರೆ ಧರ್ಮದ ಹೆಸರಲ್ಲಿ ವೋಟು ಕೇಳಿ ಮಾಡಿದ ಭಾಷಣಗಳಿಂದ. ಮನೋಹರ ಜೋಶಿ ಸೀಟು ಉಳಿಯಿತು. ಮೊದಲ ಹಿಂದೂ ರಾಜ್ಯ ಮಹಾರಾಷ್ಟ್ರದಲ್ಲೇ ಆಗುತ್ತದೆ ಅನ್ನುವ ಜೋಶಿಯ ಮಾತು ಎಷ್ಟೇ ಹೇಯವಾದರೂ ಅದೊಂದೇ ವೋಟು ಕೇಳಿದಂತಲ್ಲ ಅಂದಿತು ಕೋರ್ಟು.

ಅದಕ್ಕೇ ನಾನು ವೋಟಿನ ಸಾಲಿನ ಜೊತೆ ಅದರ ಹಿಂದಿನ ಐದು ನಿಮಿಷವನ್ನೂ ಬಿಡದೆ ಇಳಿಸುತ್ತೇನೆ. ಘೋಷಣೆ ವೇದಿಕೆಯದ್ದಾ, ಜನರದ್ದಾ, ಅಭ್ಯರ್ಥಿ ಆಗ ಅಲ್ಲೇ ಕೂತಿದ್ದನಾ, ಎಲ್ಲ ಪಕ್ಕದಲ್ಲಿ ಬರೆಯುತ್ತೇನೆ. ಈಗಿನ ಭಾಷಣಕಾರರು ಜಾಣರು, ಧರ್ಮದ ಹೆಸರು ಎತ್ತುವುದೇ ಇಲ್ಲ. ನಾಲ್ಕು ನಿಮಿಷ ಒಂದು ಸಮುದಾಯವನ್ನು ಹೆಸರೆತ್ತದೆ ಕುಟ್ಟಿ, ಐದನೇ ನಿಮಿಷಕ್ಕೆ 'ದೇಶಭಕ್ತರೆಲ್ಲ ನಮಗೇ ವೋಟು ಹಾಕಿ' ಅಂತಾರೆ. ಮೈದಾನದಲ್ಲಿ ಕೂತವರಿಗೆಲ್ಲ ಅರ್ಥವಾಗುತ್ತೆ. ಹಾಳೆಯ ಮೇಲೆ ಆ ಕೊನೆಯ ಸಾಲೊಂದೇ ಇದ್ದರೆ? ಗಂಗೆಯಷ್ಟು ಶುದ್ಧ. ಕಾನೂನಿನ ದೊಡ್ಡ ತೂತು ಇದೇ ಅಂತ ನನಗನ್ನಿಸುತ್ತೆ, ವಕೀಲರು ಒಪ್ಪುವುದಿಲ್ಲ, ಬಿಡಿ.

ಮೊನ್ನೆ ಪಕ್ಕದ ಮೇಜಿನ ಹುಡುಗ ನಮ್ಮ ಕಡೆಯವರದ್ದೇ ಒಂದು ಸಭೆಯ ವಿಡಿಯೋ ತಂದ. ಅಭ್ಯರ್ಥಿ ಮೊದಲು ಕಟೀಲು ಅಮ್ಮನಿಗೆ ಕೈಮುಗಿದು, ಆಮೇಲೆ 'ಕನ್ನಡಿಗರೆಲ್ಲ ಕನ್ನಡಿಗನಿಗೇ ವೋಟು ಹಾಕಬೇಕು' ಅಂದಿದ್ದ. ಸಭೆಯಲ್ಲಿ ಭಾರೀ ಚಪ್ಪಾಳೆ. ಹುಡುಗ ಹಳದಿ ಬಳಿದದ್ದು ಅಮ್ಮನ ಹೆಸರಿಗೆ.

"ಅಣ್ಣಾ, ಎರಡನೇದು ಸುಮ್ನೆ ಅಭಿಮಾನದ ಮಾತಲ್ವಾ?"

"ಅಲ್ಲ ಮಾರಾಯ, ಭಾಷೆಯೂ ಆ ಪಟ್ಟಿಯಲ್ಲಿದೆ. 2017ರ ಜನವರಿ 2ರ ಸುಪ್ರೀಂ ಕೋರ್ಟಿನ ಅಭಿರಾಮ್ ಸಿಂಗ್ ತೀರ್ಪಾದ ಮೇಲೆ ಮತದಾರನ ಭಾಷೆ ಹಿಡಿದು ಕೇಳಿದರೂ ತಪ್ಪೇ. ಅದೂ ನಮ್ಮ ಸಾಂತಾಕ್ರೂಜ್ ಕೇಸೇ, ಏಳು ಜಡ್ಜ್‌ಗಳಲ್ಲಿ ನಾಲ್ವರು ಹೇಳಿದ್ದು."

ಅವನು ಅಮ್ಮನ ಹಳದಿ ಅಳಿಸಿ ಕೆಳಗಿನ ಸಾಲಿಗೆ ಬಳಿದ.