ಹನ್ನೆರಡು ಕಣ್ಣಿನ ಬಳ್ಳಿ

ಉತ್ತರ ಸ್ಪೇನಿನ ಬಿಲ್ಬಾವೊದಲ್ಲಿ ಬಸ್ ಹತ್ತಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ದಕ್ಷಿಣಕ್ಕೆ ಒಂದು ಗಂಟೆ ಹೋಗುವಷ್ಟರಲ್ಲಿ ಆಕಾಶವೇ ಬೇರೆಯಾಯಿತು. ಎಬ್ರೊ ನದಿ ಬಂಡೆಗುಡ್ಡವನ್ನು ಸೀಳಿಕೊಂಡು ಬರುವ ಒಂದು ಕಿರಿದಾದ ಕಣಿವೆ ಇದೆ. ಕೊಂಚಾಸ್ ದೆ ಆರೊ ಅಂತ ಅದರ ಹೆಸರು. ಅದನ್ನು ದಾಟಿದ್ದೇ ತಡ, ಹಸಿರು ಹುಲ್ಲುಗಾವಲು ಹಿಂದೆ ಉಳಿಯಿತು. ಮುಂದೆ ಬಿಸಿಲು, ಕೆಂಪು ಮಣ್ಣು, ಕಣ್ಣು ಹರಿದಷ್ಟೂ ದ್ರಾಕ್ಷಿ. ತಿರುಗಿ ನೋಡಿದರೆ ಬೆಟ್ಟದ ಸಾಲಿನ ನೆತ್ತಿಯ ಮೇಲೆ ಮೋಡ ಬಂದು ಕೂತಿದೆ, ಈ ಕಡೆ ಇಳಿಯುತ್ತಿಲ್ಲ. ಅಟ್ಲಾಂಟಿಕ್ ಕಡೆಯಿಂದ ಬರುವ ಮಳೆಗಾಳಿಯನ್ನು ಸಿಯೆರ್ರಾ ಕಾಂತಾಬ್ರಿಯಾ ಬೆಟ್ಟಗಳು ತಡೆಯುತ್ತವೆ ಅಂತ ಓದಿದ್ದೆ. ಅವತ್ತು ಅದನ್ನು ಕಿಟಕಿಯಿಂದಲೇ ನೋಡಿದೆ.

ನಾನು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವನು. ನಮ್ಮದು ನಾಲ್ಕು ಎಕರೆ ದ್ರಾಕ್ಷಿ ಪಡ. ಬೆಳೆದದ್ದೆಲ್ಲ ಒಣದ್ರಾಕ್ಷಿಗೆ ಹೋಗುತ್ತದೆ. ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ನಾನು ವೈನ್ ರುಚಿ ನೋಡಿದ್ದು ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ. ಸುಮಾರು ಕುಡಿದರೂ ಯಾವುದೂ ಮನಸ್ಸಿಗೆ ಹತ್ತಿರವಾಗಿರಲಿಲ್ಲ. ಒಂದು ಸಲ ಗೆಳೆಯನೊಬ್ಬ ಸ್ಪೇನಿನ ರಿಯೋಹಾ ಅನ್ನುವ ವೈನ್ ಸೀಮೆಯ ಬಾಟಲಿ ತಂದ. ಹಣ್ಣಿನ ಹಿಂದೆ ಒಣಕೊಬ್ಬರಿಯ ಪರಿಮಳ, ಅದರ ಹಿಂದೆ ಇನ್ನೇನೋ ಒಂದು. ಆ ಇನ್ನೇನೋ ಏನು ಅಂತ ಗೊತ್ತಾಗಲಿಲ್ಲ. ಅವತ್ತಿನಿಂದ ಆ ಸೀಮೆ ನೋಡಬೇಕು ಅಂತ ಆಸೆ ಇತ್ತು. ಆಫೀಸ್ ಕೆಲಸದ ಮೇಲೆ ಒಂದು ವಾರ ಬಿಲ್ಬಾವೊಗೆ ಕಳಿಸಿದಾಗ ಶನಿವಾರವನ್ನು ಅದಕ್ಕೇ ಎತ್ತಿಟ್ಟೆ.

ಬಸ್ ಇಳಿದದ್ದು ರಿಯೋಹಾದ ಆರೊ ಊರಿನಲ್ಲಿ. ಇಂಗ್ಲಿಷಿನವರು ಹಾರೊ ಅನ್ನುತ್ತಾರೆ, ಸ್ಪ್ಯಾನಿಷ್‌ನಲ್ಲಿ ಹೆಸರಿನ ಮೊದಲಿನ H ಅಕ್ಷರವನ್ನು ಉಚ್ಚರಿಸುವುದಿಲ್ಲ. ಅಕ್ಟೋಬರ್ ಮೊದಲ ವಾರ, ಕಟಾವಿನ ಕಾಲ. ದ್ರಾಕ್ಷಿ ತುಂಬಿದ ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರುಗಳು ಊರೊಳಗೇ ಹೋಗುತ್ತಿದ್ದವು. ರಸ್ತೆಗೆಲ್ಲ ಹುಳಿ ಬಂದ ರಸದ ವಾಸನೆ. ನಾನು ಮೊದಲು ಊರ ಹೊರಗಿನ ತೋಟದ ಕಡೆ ನಡೆದೆ.

ಹತ್ತಿರ ಹೋದಾಗ ಮೊದಲು ಕಂಡದ್ದು ಅಲ್ಲಿ ಇಲ್ಲದ ವಸ್ತು. ಹಂದರ ಇಲ್ಲ! ಹಳೆಯ ಬಳ್ಳಿಗಳು ಕಲ್ಲುಕಂಬ, ತಂತಿ ಯಾವುದರ ಆಸರೆಯೂ ಇಲ್ಲದೆ ನೆಲದ ಮೇಲೆ ಗಿಡದ ಹಾಗೆ ನಿಂತಿವೆ. ಎತ್ತರ ನನ್ನ ಸೊಂಟಕ್ಕಿಂತ ಕಡಿಮೆ. ಕಾಂಡ ನನ್ನ ತೊಡೆಯಷ್ಟು ದಪ್ಪ, ತಿರುಚಿಕೊಂಡು ಕಪ್ಪಾಗಿದೆ. ತಡೆಯಲಾಗದೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ನಮ್ಮಲ್ಲಿ ಆಗ ಮಧ್ಯಾಹ್ನ ಎರಡೂವರೆ. ಅಪ್ಪ ಪಡದಲ್ಲೇ ಇದ್ದರು, ಕೈಯಲ್ಲಿ ಕತ್ತರಿ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ನಡೆದಿತ್ತು.

"ಹಂದರ ಎಲ್ಲೈತೋ?" ಅಂದರು ಮೊದಲಿಗೆ. ಆಮೇಲೆ, "ಫೋನ್ ಕೆಳಗ ಹಿಡಿ. ಎಷ್ಟು ಕಣ್ಣು ಬಿಟ್ಟಾರ?"

ಕಣ್ಣು ಅಂದರೆ ಕಡ್ಡಿಯ ಮೇಲೆ ಚಿಗುರೊಡೆಯುವ ಮೊಗ್ಗು. ಎಣಿಸಿದೆ. ಮೋಟು ಕಾಂಡದಿಂದ ಮೂರು ತೋಳು, ಬಟ್ಟಲಿನ ಹಾಗೆ ಮೇಲಕ್ಕೆ ಚಾಚಿವೆ. ಒಂದೊಂದು ತೋಳಿನ ಮೇಲೆ ಎರಡೆರಡು ಚಿಕ್ಕ ಕಡ್ಡಿ. ಅದಕ್ಕೆ ಇಲ್ಲಿನವರು ಹೆಬ್ಬೆರಳು ಅಂತಲೇ ಹೇಳುತ್ತಾರೆ. ಒಂದೊಂದು ಹೆಬ್ಬೆರಳಿಗೆ ಎರಡು ಕಣ್ಣು. ಒಟ್ಟು ಹನ್ನೆರಡು. ರಿಯೋಹಾದಲ್ಲಿ ಕೆಂಪು ದ್ರಾಕ್ಷಿಗೆ ಹೆಕ್ಟೇರಿಗೆ 6500 ಕಿಲೋ ಮಿತಿ ಇದೆ, ಅಂದರೆ ಎಕರೆಗೆ ಸುಮಾರು 2600 ಕಿಲೋ. ನಮ್ಮ ಕಡೆ ಒಳ್ಳೆ ವರ್ಷ ಎಕರೆಗೆ ಹತ್ತು ಟನ್ ಹಸಿ ದ್ರಾಕ್ಷಿ ತೆಗೆಯುವವರಿದ್ದಾರೆ. ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. "ಇಷ್ಟಕ್ಕ ಹೊಟ್ಟಿ ತುಂಬತೈತೇನು ಅವರಿಗೆ?" ಅಂತ ಕೇಳಿದರು.

ನನಗೂ ಅದೇ ಪ್ರಶ್ನೆ ಇತ್ತು. ಒಂದು ಬಳ್ಳಿಯ ಮೇಲೆ ಹೊರೆ ಕಡಿಮೆಯಾದರೆ ಉಳಿದ ಗೊಂಚಲಿಗೆ ಸತ್ವ ಜಾಸ್ತಿ ಸಿಗುತ್ತದೆ. ಅದು ನಮಗೂ ಗೊತ್ತಿರುವ ವಿಷಯವೇ. ಆದರೆ ಕಿಲೋ ಲೆಕ್ಕದಲ್ಲಿ ಮಾರುವವರಿಗೆ ಹಾಗೆ ಬಿಡುವುದು ಕಷ್ಟ ಅಲ್ವಾ? ಇಲ್ಲಿ ಬಾಟಲಿಯ ಹೆಸರಿಗೆ ಬೆಲೆ. ಆ ಹೆಸರು ಕಾಯಲು 1925ರಿಂದಲೂ ನಿಯಮಗಳಿವೆ. 1991ರಲ್ಲಿ ಸ್ಪೇನ್ ತನ್ನ ವೈನ್ ಪ್ರದೇಶಗಳಿಗೆ ಕೊಡುವ ಎಲ್ಲಕ್ಕಿಂತ ಮೇಲಿನ ದರ್ಜೆಯನ್ನು ಮೊದಲು ಪಡೆದದ್ದೂ ರಿಯೋಹಾವೇ.

ಅಪ್ಪನಿಗೆ ಇನ್ನೊಂದು ವಿಷಯ ಹೇಳಿದಾಗ ನಿಜವಾಗಿ ಖುಷಿಪಟ್ಟರು. 1860ರ ದಶಕದಿಂದ ಫ್ರಾನ್ಸಿನ ತೋಟಗಳನ್ನು ಫಿಲಾಕ್ಸೆರಾ ಎಂಬ ಬೇರುಹೇನು ತಿಂದು ಹಾಕಿತು. ವೈನ್ ಹುಡುಕಿಕೊಂಡು ಫ್ರೆಂಚ್ ವ್ಯಾಪಾರಿಗಳು ಇಲ್ಲಿಗೆ ಬಂದರು, ಆರೊ ಬೆಳೆಯಿತು. 1899ರ ಹೊತ್ತಿಗೆ ಅದೇ ಹೇನು ಇಲ್ಲಿಗೂ ಬಂತು. ಕೊನೆಗೆ ಉಳಿದ ದಾರಿ, ಹೇನಿಗೆ ಬಗ್ಗದ ಅಮೆರಿಕದ ಕಾಡು ದ್ರಾಕ್ಷಿಯ ಬೇರಿನ ಮೇಲೆ ತಮ್ಮ ಬಳ್ಳಿಯನ್ನು ಕಸಿ ಮಾಡುವುದು. ನಮ್ಮ ಪಡದಲ್ಲೂ ಥಾಮ್ಸನ್ ತಳಿಯ ಬಳ್ಳಿ ನಿಂತಿರುವುದು ಡಾಗ್‌ರಿಜ್ ಅನ್ನುವ ಬೇರೆ ದ್ರಾಕ್ಷಿಯ ಬೇರಿನ ಮೇಲೆ. ನಮಗೆ ಅದು ಬೇಕಾದದ್ದು ಸವಳು ನೀರು ಮತ್ತು ಬರದ ಕಾರಣಕ್ಕೆ. ಆದರೆ ಡಾಗ್‌ರಿಜ್ ಕೂಡ ಅಮೆರಿಕದ ಟೆಕ್ಸಾಸ್ ಕಡೆಯದೇ. "ಹಂಗಾರ ಬೇರು ಬೀಗರೂರಿಂದನ ಬಂದಾವು," ಅಂತ ಅಪ್ಪ ನಕ್ಕರು.

ಮಧ್ಯಾಹ್ನ ತಿರೋನ್ ಹೊಳೆಯ ಸೇತುವೆ ದಾಟಿ ರೈಲ್ವೆ ಸ್ಟೇಷನ್ ಕಡೆ ಹೋದೆ. ರೈಲು ಬಂದ ಮೇಲೆ ವೈನ್ ಸಾಗಿಸಲು ಸುಲಭ ಅಂತ ಹಳಿಯ ಪಕ್ಕದಲ್ಲೇ ಬೊಡೆಗಾಗಳು, ಅಂದರೆ ವೈನ್ ಮನೆಗಳು, ಹುಟ್ಟಿಕೊಂಡವು. ಲೋಪೆಸ್ ದೆ ಎರೆದಿಯಾ 1877ರಲ್ಲಿ, ಕೂನೆ 1879ರಲ್ಲಿ, ಲಾ ರಿಯೋಹಾ ಆಲ್ಟಾ 1890ರಲ್ಲಿ. ಒಂದರಿಂದ ಇನ್ನೊಂದಕ್ಕೆ ನಡೆದುಕೊಂಡೇ ಹೋಗಬಹುದು.

ನಾನು ಮೊದಲೇ ಜಾಗ ಹಿಡಿದಿದ್ದದ್ದು ಲೋಪೆಸ್ ದೆ ಎರೆದಿಯಾದಲ್ಲಿ. ಬಾಗಿಲಲ್ಲೇ ಜಹಾ ಹದೀದ್ ವಿನ್ಯಾಸ ಮಾಡಿದ ಹೊಸ ಮಂಟಪ ಹೊಳೆಯುತ್ತದೆ. ಒಳಗೆ ಇಳಿದರೆ ಮರಳುಗಲ್ಲನ್ನು ಕೊರೆದು ಮಾಡಿದ ಸುರಂಗ. ಕತ್ತಲು, ತಂಪು, ಗೋಡೆಯ ಮೇಲೆಲ್ಲ ಕಪ್ಪು ಬೂಷ್ಟು. ಮೇಲಿನಿಂದ ಜೇಡರ ಬಲೆ ಜೋತು ಬಿದ್ದಿದೆ. ಅದನ್ನು ಯಾರೂ ಗುಡಿಸುವುದಿಲ್ಲ. ಬಾಟಲಿಯ ಬೆಂಡನ್ನು ಕೊರೆಯುವ ಪತಂಗಗಳನ್ನು ಜೇಡ ತಿನ್ನುತ್ತದೆ, ಹಾಗಾಗಿ ಜೇಡನೂ ಇಲ್ಲಿ ಕೆಲಸದವನೇ. ಸಾಲು ಸಾಲು ಓಕ್ ಪೀಪಾಯಿ, ಒಂದೊಂದಕ್ಕೆ 225 ಲೀಟರ್, ಅಂದರೆ 300 ಬಾಟಲಿ. ಅಮೆರಿಕದ ಓಕ್ ಮರ ತರಿಸಿ ಪೀಪಾಯಿಯನ್ನು ತಾವೇ ಮಾಡಿಕೊಳ್ಳುತ್ತಾರೆ. ನನ್ನ ಮೂಗಿಗೆ ಬಡಿದಿದ್ದ ಒಣಕೊಬ್ಬರಿ ದ್ರಾಕ್ಷಿಯದಲ್ಲ, ಆ ಮರದ್ದು! ಅಲ್ಲಿ ನಿಂತು ಪೀಪಾಯಿ ಮೂಸಿದಾಗ ತಿಳಿಯಿತು.

ಆ ಸುರಂಗದಲ್ಲಿ ನಾನು ಬಹಳ ಹೊತ್ತು ಯೋಚಿಸಿದ್ದು ಕಾಯುವುದರ ಬಗ್ಗೆ. ಎಷ್ಟು ವರ್ಷ ಇಟ್ಟು ಹದಮಾಡಿದರು ಅನ್ನುವುದರ ಮೇಲೆ ಇಲ್ಲಿ ವೈನಿನ ದರ್ಜೆಗೆ ಹೆಸರು. ಕೆಂಪು ಕ್ರಿಯಾನ್ಸಾ ಅಂದರೆ ಕನಿಷ್ಠ ಎರಡು ವರ್ಷ, ಅದರಲ್ಲಿ ಒಂದು ವರ್ಷ ಪೀಪಾಯಿಯಲ್ಲಿ. ರೆಸೆರ್ವಾಕ್ಕೆ ಮೂರು ವರ್ಷ. ಗ್ರಾನ್ ರೆಸೆರ್ವಾಕ್ಕೆ ಐದು, ಅದರಲ್ಲಿ ಪೀಪಾಯಿಯಲ್ಲಿ ಎರಡು, ಬಾಟಲಿಯಲ್ಲಿ ಎರಡು. ಇದು ಕಾನೂನಿನ ಲೆಕ್ಕ. ಈ ಮನೆಯವರು ಇನ್ನೂ ಜಾಸ್ತಿ ಕಾಯುತ್ತಾರೆ. ವಿನ್ಯಾ ತೊಂದೋನಿಯಾ ಹೆಸರಿನ ಇವರ ಬಿಳಿ ರೆಸೆರ್ವಾ ಪೀಪಾಯಿಯಲ್ಲೇ ಆರು ವರ್ಷ ಇರುತ್ತದೆ. ತಮಾಷೆ ಅಂದರೆ ಇಲ್ಲಿನ ಮುಖ್ಯ ಕೆಂಪು ದ್ರಾಕ್ಷಿ ಟೆಂಪ್ರಾನಿಯೊಗೆ ಆ ಹೆಸರು ಬಂದದ್ದೇ ಬೇಗ ಹಣ್ಣಾಗುತ್ತದೆ ಅಂತ. ಬೇಗ ಬಂದ ಹಣ್ಣನ್ನು ಇಷ್ಟು ದಿನ ಕೂರಿಸುತ್ತಾರೆ.

ನಮ್ಮಲ್ಲಿ ಎಲ್ಲವೂ ಅವಸರ. ಮಾರ್ಚ್‌ನಲ್ಲಿ ಒಣಗಿಸಲು ಶೆಡ್ಡಿನೊಳಗೆ ಹಣ್ಣು ಹಾಕಿದ ಮೇಲೆ ಹದಿನೈದು ದಿನ ಅಪ್ಪ ಆಕಾಶ ನೋಡುತ್ತಲೇ ಇರುತ್ತಾರೆ. ಒಂದು ವರ್ಷ ಅಕಾಲ ಮಳೆ ಸುರಿಯಿತು. ಅರ್ಧ ಒಣಗಿದ್ದ ಹಣ್ಣು ಕಪ್ಪಾಯಿತು. ಬಂದ ಬೆಲೆಗೆ ಕೊಟ್ಟುಬಿಟ್ಟೆವು, ಸಾಲದ ಕಂತು ಕಾಯುವುದಿಲ್ಲವಲ್ಲ. ಅದಕ್ಕೇ ಆ ಪೀಪಾಯಿಗಳ ನಡುವೆ ನಿಂತಾಗ ನನಗೆ ಗಂಟಲು ಕಟ್ಟಿತು. ದ್ರಾಕ್ಷಿಗೆ ಇಷ್ಟು ಪುರುಸೊತ್ತು ಕೊಡಬಹುದು ಅಂತ ನಾನು ಯೋಚಿಸಿಯೇ ಇರಲಿಲ್ಲ. ಹಳೆಯ ವೈನ್ ಬೇಕಾದರೆ ಕೊಂಡವರೇ ನೆಲಮಾಳಿಗೆಯಲ್ಲಿ ಇಟ್ಟು ಕಾಯಬೇಕು, ಅದು ಶ್ರೀಮಂತರ ಆಟ ಅಂದುಕೊಂಡಿದ್ದೆ. ಇಲ್ಲಿ ಕಾಯುವ ಕೆಲಸ ವೈನ್ ಮಾಡಿದವರದೇ. ಕುಡಿಯಲು ಹದವಾದ ಮೇಲೆಯೇ ಬಾಗಿಲು ದಾಟಿಸುತ್ತಾರೆ. ರಿಯೋಹಾ ನನಗೆ ಇಷ್ಟವಾಗುವುದು ಇದಕ್ಕೆ.

ಆ ಬಿಳಿ ರೆಸೆರ್ವಾ ರುಚಿ ನೋಡಲು ಕೊಟ್ಟರು. ಬಣ್ಣ ಹಳೆಯ ಬಂಗಾರದ್ದು. ಜೇನುಮೇಣ, ಹುರಿದ ಗೋಡಂಬಿ, ಕೊನೆಗೆ ನಾಲಿಗೆಯ ಅಂಚಲ್ಲಿ ಚುರುಕು ಹುಳಿ. ಕೆಂಪಿನಲ್ಲಿ ಮತ್ತೆ ಆ ಇನ್ನೇನೋ ಇತ್ತು. ಪಕ್ಕದಲ್ಲಿದ್ದವರು ಚರ್ಮ ಅಂದರು, ತಂಬಾಕು ಅಂದರು, ಒದ್ದೆ ಎಲೆ ಅಂದರು. ನನಗೆ ಯಾವುದೂ ಸರಿ ಅನ್ನಿಸಲಿಲ್ಲ.

ಸಂಜೆ ಊರೊಳಗೆ ಎರ್ರಾದುರಾ ಅನ್ನುವ ಓಣಿಗಳಲ್ಲಿ ಸುತ್ತಿದೆ. ಜನ ಒಂದು ಅಂಗಡಿಯಲ್ಲಿ ಒಂದು ಲೋಟ, ಒಂದು ತುಣುಕು ತಿಂಡಿ, ಮತ್ತೆ ಮುಂದಿನ ಅಂಗಡಿ. ನಾನು ಸಸ್ಯಾಹಾರಿ. ಬೆಳ್ಳುಳ್ಳಿ ಹಾಕಿ ಹುರಿದ ಅಣಬೆ, ಸುಟ್ಟ ಕೆಂಪು ಮೆಣಸಿನಕಾಯಿ ಸಿಕ್ಕಿತು, ಸಾಕಾಯಿತು. ಎರಡು ಮೂರು ಯೂರೋಗೆ ಒಂದು ಲೋಟ ಕ್ರಿಯಾನ್ಸಾ. ಎರಡು ವರ್ಷ ಕಾದ ವೈನ್ ಅಷ್ಟಕ್ಕೆ! ಕುರಿಮರಿಯ ಮಾಂಸವನ್ನು ಇಲ್ಲಿ ಚಾಟ್ನಿ ಮಾಡಿದ ದ್ರಾಕ್ಷಿ ಕಡ್ಡಿಯ ಬೆಂಕಿಯಲ್ಲೇ ಸುಡುತ್ತಾರಂತೆ. ನಮ್ಮ ಮನೆಯಲ್ಲಿ ಅವ್ವ ನೀರು ಕಾಯಿಸುವುದೂ ಅದೇ ಕಡ್ಡಿಯಲ್ಲಿ.

ಬರುವಾಗ ಒಂದು ಗ್ರಾನ್ ರೆಸೆರ್ವಾ ತಂದೆ. ಬಾಟಲಿಯ ಬೆನ್ನಿಗೆ ಅಂಟಿಸಿದ ಚೀಟಿ ನೀಲಿ ಬಣ್ಣದ್ದು, ಕ್ರಿಯಾನ್ಸಾದ್ದಾದರೆ ಕೆಂಪು. ದೀಪಾವಳಿಗೆ ಊರಿಗೆ ಹೋದಾಗ ಅದನ್ನೂ ಒಯ್ದೆ. ರಾತ್ರಿ ಊಟ ಮುಗಿದ ಮೇಲೆ ಅಂಗಳದಲ್ಲಿ ಕೂತು ಸ್ಟೀಲ್ ಲೋಟಕ್ಕೆ ಸ್ವಲ್ಪ ಹಾಕಿಕೊಂಡೆ. ಅಪ್ಪ ಕುಡಿಯುವುದಿಲ್ಲ. ಸುಮ್ನೆ ಮೂಸಿ ನೋಡು ಅಂದೆ. ಲೋಟ ತೆಗೆದುಕೊಂಡು ಕಣ್ಣು ಮುಚ್ಚಿ ಒಮ್ಮೆ ಮೂಸಿದರು. ಇನ್ನೊಮ್ಮೆ ಮೂಸಿದರು.

"ಮಾರ್ಚ್‌ದಾಗ ಮುಂಜಾನೆ ಶೆಡ್ಡಿನ ಪರದೆ ತೆಗೀತೀವಲ್ಲ," ಅಂದರು, "ಅದ ವಾಸನಿ ಇದು." ಲೋಟ ನನ್ನ ಕೈಗೆ ಕೊಟ್ಟು, ಆ ಊರಿನವರ ಚಾಟ್ನಿ ಯಾವಾಗ ಶುರು ಅಂತ ಕೇಳಿದರು.